ಗಂಡಿಕೋಟೆಗೆ ಹೋಗುವವರು ಒಂದು ರಾತ್ರಿ ಉಳಿಯಿರಿ

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ, ನಮ್ಮ ಕಡೆ ವರ್ಷದ ಬಹುಕಾಲ ಮರಳಿನ ಹಾದಿಯಾಗಿಯೇ ಕಾಣುವ ಉತ್ತರ ಪಿನಾಕಿನಿಯು ಕಡಪ ಜಿಲ್ಲೆಯಲ್ಲಿ ಪೆನ್ನಾ ಎನಿಸಿಕೊಂಡು, ಎರ್ರಮಲ ಬೆಟ್ಟಸಾಲನ್ನು ಸೀಳಿ ಸುಮಾರು 300 ಅಡಿ ಆಳದ ಕಮರಿಯಲ್ಲಿ ಹರಿಯುತ್ತದೆ ಎಂಬುದನ್ನು ನೋಡದೆ ನಂಬುವುದು ಕಷ್ಟ. ಆ ಕಮರಿಯ ಅಂಚಿನಲ್ಲಿರುವುದೇ ಆಂಧ್ರಪ್ರದೇಶದ ಗಂಡಿಕೋಟೆ. ತೆಲುಗಿನಲ್ಲಿ ಗಂಡಿ ಎಂದರೆ ಇಂತಹ ಸಂದು. ನಮ್ಮ ‘ಕಂಡಿ’ಗೆ ಹತ್ತಿರದ ಮಾತು.

ಬೆಂಗಳೂರಿನಿಂದ ಬಾಗೇಪಲ್ಲಿ, ಕದಿರಿ, ಪುಲಿವೆಂದುಲ, ಮುದ್ದನೂರು, ಜಮ್ಮಲಮಡುಗು ಮಾರ್ಗವಾಗಿ ಹೆಚ್ಚುಕಡಿಮೆ 280 ಕಿಲೋಮೀಟರ್. ಹಣ, ಪೆಟ್ರೋಲು, ಔಷಧಿ ಎಲ್ಲವನ್ನೂ ಜಮ್ಮಲಮಡುಗಿನಲ್ಲಿಯೇ ನೋಡಿಕೊಳ್ಳಿ; ಅಲ್ಲಿಂದ ಮುಂದಿನ ಹದಿನೈದು ಕಿಲೋಮೀಟರಿನಲ್ಲಿ ಏನನ್ನೂ ನೆಚ್ಚಿಕೊಳ್ಳುವಂತಿಲ್ಲ. ರೈಲಿನಲ್ಲಿ ಬರುವವರಿಗೆ ಮುದ್ದನೂರು ನಿಲ್ದಾಣವಿದೆ.

ಹೆಚ್ಚಿನವರು ಕಮರಿಯ ಅಂಚಿನಲ್ಲಿ ಫೋಟೋ ತೆಗೆದುಕೊಂಡು ಎರಡೇ ಗಂಟೆಯಲ್ಲಿ ಹಿಂದಿರುಗುತ್ತಾರೆ. ಕಳೆದ ಡಿಸೆಂಬರಿನಲ್ಲಿ ನಾವೂ ಹಾಗೆಯೇ ಎಣಿಸಿದ್ದೆವು. ಆದರೆ ತಲುಪುವಷ್ಟರಲ್ಲಿ ಕತ್ತಲಾಗಿ ಅಲ್ಲಿಯೇ ಉಳಿಯಬೇಕಾಯಿತು, ಅದೇ ಒಳ್ಳೆಯದಾಯಿತು. ಗಂಡಿಕೋಟೆ ಬರಿಯ ಪಾಳುಕೋಟೆಯಲ್ಲ, ಕೋಟೆಯೊಳಗೇ ಜನವಸತಿಯಿರುವ ಪುಟ್ಟ ಹಳ್ಳಿ. ಬೆಳಗಿನ ಜಾವ ಬಾಗಿಲಿಗೆ ನೀರು ಚಿಮುಕಿಸಿ ಹೆಂಗಸರು ಮುಗ್ಗು, ಅಂದರೆ ರಂಗೋಲಿ, ಹಾಕುತ್ತಿದ್ದರು. ಮೇಕೆಗಳು ನಾವು ದಿಗಿಲಿನಿಂದ ತೆವಳಿದ ಬಂಡೆಯಂಚಿನಲ್ಲಿ ನಿಶ್ಚಿಂತೆಯಿಂದ ಮೇಯುತ್ತಿದ್ದವು. ಮೊದಲೇ ಹೇಳಿದರೆ ಮನೆಯೂಟ ಮಾಡಿಕೊಡುವವರಿದ್ದಾರೆ. ನಮಗೆ ಸಿಕ್ಕ ರಾಗಿ ಸಂಗಟಿ ನಮ್ಮ ಮುದ್ದೆಯ ತಮ್ಮನೇ ಸರಿ, ಅಕ್ಕಿ ಬೆರೆತ ಕಾರಣ ಸ್ವಲ್ಪ ಮೆದು. ಖಾರಕ್ಕೆ ಮಾತ್ರ ಸಿದ್ಧರಾಗಿರಬೇಕು. ಪ್ರವಾಸೋದ್ಯಮ ನಿಗಮದ ಹರಿತಾ ಹೋಟೆಲಿನ ಕೊಠಡಿಗಳನ್ನು ವಾರಾಂತ್ಯಕ್ಕಾದರೆ ಬಹಳ ಮುಂಚೆಯೇ ಕಾದಿರಿಸಿ.

ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಅಂಚಿಗೆ ಹೋಗಿ ಕುಳಿತರೆ ಬೂದುಬಣ್ಣದ ಬಂಡೆಗಳು ನಿಧಾನವಾಗಿ ಕೆಂಪಾಗುವುದನ್ನು ಕಾಣಬಹುದು. ಅಲ್ಲಿ ತಡೆಗೋಡೆಯಿಲ್ಲ, ಒಂದರ ಮೇಲೊಂದು ಪೇರಿಸಿದಂತಿರುವ ಬಂಡೆಗಳ ನಡುವೆ ಕಾಲು ಸಿಲುಕುವ ಸಂದುಗಳಿವೆ. ನಮ್ಮ ತಾಯಿಯವರನ್ನು ಹಿಂದೆಯೇ ಕೂರಿಸಿದೆವು, ಅಲ್ಲಿಂದಲೂ ನೋಟಕ್ಕೇನೂ ಕೊರತೆಯಾಗಲಿಲ್ಲ. ಮಕ್ಕಳ ಕೈ ಬಿಡಬೇಡಿ. ಸೆಲ್ಫಿಯ ಹುಚ್ಚಿರುವ ದೊಡ್ಡವರದ್ದೂ.

ಕೋಟೆಯನ್ನು ವಿಜಯನಗರದ ಸಾಮಂತರಾದ ಪೆಮ್ಮಸಾನಿ ನಾಯಕರು ಆಳಿದರು. 1650ರ ಸುಮಾರಿಗೆ ಗೋಲ್ಕೊಂಡದ ಸುಲ್ತಾನನ ಸೇನಾನಿ ಮೀರ್ ಜುಮ್ಲಾ ಅದನ್ನು ವಶಪಡಿಸಿಕೊಂಡನು, 1652ರಲ್ಲಿ ಫ್ರೆಂಚ್ ವಜ್ರವ್ಯಾಪಾರಿ ತಾವೆರ್ನಿಯೇ ಅವನನ್ನು ಕಾಣಲು ಇಲ್ಲಿಗೇ ಬಂದಿದ್ದನು. ಮಾಧವರಾಯ ದೇಗುಲದ ಗೋಪುರ, ಜಾಮಿಯಾ ಮಸೀದಿ ಮತ್ತು ಅದರ ಪಕ್ಕದ ಕಮಾನು ಚಾವಣಿಯ ಕಣಜ, ಈ ಮೂರನ್ನು ಬಿಡಬೇಡಿ. ಕಣಜದೊಳಗಿನ ತಂಪು ಮಧ್ಯಾಹ್ನದ ಬಿಸಿಲಿಗೆ ವರವೆನಿಸುತ್ತದೆ. ನವೆಂಬರಿನಿಂದ ಫೆಬ್ರವರಿ ಹಿತವಾದ ಕಾಲ, ಏಪ್ರಿಲ್, ಮೇ ತಿಂಗಳುಗಳಲ್ಲಿ ಬರುವುದು ಸಾಹಸವೇ ಹೊರತು ಪ್ರವಾಸವಲ್ಲ.

ಮರುದಿನ ಬೇಲಂ ಗುಹೆಗಳನ್ನೂ ನೋಡುವ ಆಲೋಚನೆಯಿದ್ದರೆ ಹತ್ತು ಗಂಟೆಯೊಳಗೆ ಹೊರಡಿ. ಒಳಗೆ ಸೆಕೆಯಿಂದ ಬೆವರುತ್ತದೆ, ಹತ್ತಿ ಬಟ್ಟೆಯನ್ನೇ ತೊಟ್ಟುಕೊಳ್ಳಿ.