ಕರಿನೀರಿಗೆ ಹೋದ ಮುತ್ತಜ್ಜನ ಜಾಡು ಹಿಡಿದು

ನಮ್ಮ ಮನೆಯಲ್ಲಿ ಮುತ್ತಜ್ಜನ ಬಗ್ಗೆ ಉಳಿದದ್ದು ಒಂದೇ ಮಾತು: "ಕರಿನೀರಿಗೆ ಹೋದ, ತಿರುಗಿ ಬರಲಿಲ್ಲ." ಕರಿನೀರು ಅಂದರೆ ಬ್ರಿಟಿಷರು ಕೈದಿಗಳನ್ನು ಸಾಗಿಸುತ್ತಿದ್ದ ಅಂಡಮಾನ್. ಹೊಲದ ಜಗಳದಲ್ಲಿ ಅವನ ಕೈಯಿಂದ ಕೊಲೆ ಆಗಿತ್ತಂತೆ. ಅಷ್ಟನ್ನೇ ಹಿಡಿದುಕೊಂಡು ಮೊದಲ ಸಲ ಅಂಡಮಾನಿಗೆ ಹೋದೆ. ಸೆಲ್ಯುಲಾರ್ ಜೈಲಿನಲ್ಲಿ ಕಲ್ಲಿನ ಮೇಲೆ ಕೆತ್ತಿದ ಹೆಸರುಗಳನ್ನು ಒಂದೊಂದಾಗಿ ಓದಿದೆ. ಅವೆಲ್ಲ ಸ್ವಾತಂತ್ರ್ಯ ಹೋರಾಟಗಾರರ ಹೆಸರು. ನಮ್ಮವರು ಅಲ್ಲಿ ಹೇಗೆ ಸಿಗುತ್ತಾರೆ? ಜೈಲು ಕಟ್ಟಿ ಮುಗಿದದ್ದೇ 1906ರಲ್ಲಿ. ಕೈದಿಗಳ ಹಡಗು ಬರತೊಡಗಿದ್ದು 1858ರಲ್ಲಿ.

ಹಾಗಾಗಿ ಮೊದಲು ಕಾಗದ ಹುಡುಕಿ, ಆಮೇಲೆ ಟಿಕೆಟ್ ತೆಗೆಸಿ. ಆಗ ನಿಮ್ಮ ಊರು ಯಾರ ಆಳ್ವಿಕೆಯಲ್ಲಿತ್ತು ಅನ್ನೋದು ಮುಖ್ಯ. ಬೆಳಗಾವಿ, ಧಾರವಾಡ, ವಿಜಯಪುರದ ಕಡೆಯವರಾದರೆ ಮುಂಬೈಯ ಸರ್ಕಾರಿ ಪತ್ರಾಗಾರ. ಬಳ್ಳಾರಿ, ಮಂಗಳೂರು ಕಡೆಯವರಾದರೆ ಚೆನ್ನೈ ಎಗ್ಮೋರ್‌ನದು. ಉತ್ತರ ಕನ್ನಡ 1862ರವರೆಗೆ ಮದ್ರಾಸಿಗೆ ಸೇರಿತ್ತು, ಆಮೇಲೆ ಬಾಂಬೆಗೆ. ಹಳೇ ಮೈಸೂರಿನವರು ಬೆಂಗಳೂರಿನಿಂದ ಶುರು ಮಾಡಿ. ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿ ಗೃಹ ಇಲಾಖೆಯ ಪೋರ್ಟ್ ಬ್ಲೇರ್ ಕಡತಗಳಿವೆ. ಕೆಲವನ್ನು 'ಅಭಿಲೇಖ್ ಪಟಲ್' ಜಾಲತಾಣದಲ್ಲಿ ಮನೆಯಿಂದಲೇ ನೋಡಬಹುದು. ಗುಮಾಸ್ತರು ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಕಿವಿಗೆ ಕೇಳಿದಂತೆ ಬರೆದಿದ್ದಾರೆ. ಒಂದೇ ಹೆಸರನ್ನು ನಾಲ್ಕೈದು ರೀತಿ ಹುಡುಕಬೇಕಾಗುತ್ತದೆ. ತಂದೆಯ ಹೆಸರು, ಹಳ್ಳಿಯ ಹೆಸರು ಕೂಡಿ ಬಂದರೆ ಮಾತ್ರ ನಂಬಿ. ನನಗೆ ಒಂದು ಸಾಲು ಸಿಗೋಕೆ ಎರಡು ವರ್ಷ ಹಿಡಿಯಿತು: ಹೆಸರು, ತಂದೆ, ಊರು, 1889, ಜೀವಾವಧಿ.

ಆ ಒಂದು ಸಾಲು ಕೈಯಲ್ಲಿದ್ದಾಗ ದ್ವೀಪವೇ ಬೇರೆ ಥರ ಕಂಡಿತು. ಚಾಥಮ್ ದ್ವೀಪದ ಮರ ಕೊಯ್ಯುವ ಕಾರ್ಖಾನೆ 1883ರದ್ದು. ಮುತ್ತಜ್ಜ ಬಂದಿಳಿದಾಗ ಅದು ನಡೆಯುತ್ತಿತ್ತು. ಬೇಡಿ ಹಾಕಿದ ಕೈದಿಗಳ ವೈಪರ್ ದ್ವೀಪಕ್ಕೂ ಹೋಗಬೇಕು, ಆದರೆ ದೋಣಿ ಇದೆಯಾ ಅಂತ ಹಿಂದಿನ ದಿನವೇ ಕೇಳಿಕೊಳ್ಳಿ. ಅಧಿಕಾರಿಗಳ ರಾಸ್ ದ್ವೀಪಕ್ಕೆ ಈಗ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ ಅಂತ ಹೆಸರು, ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯಪುರಂ. ಸೆಲ್ಯುಲಾರ್ ಜೈಲಿಗೆ ಯಾವ ದಿನ ರಜೆ ಅಂತ ಮೊದಲೇ ಕೇಳಿಕೊಳ್ಳಿ. ಚಳಿಗಾಲದಲ್ಲಿ ಸಂಜೆ ಐದಕ್ಕೆಲ್ಲ ಹೊತ್ತು ಮುಳುಗುತ್ತದೆ, ಬೆಳಗ್ಗೆ ಬೇಗ ಹೊರಡಿ.

ನನಗೆ ಜಾಸ್ತಿ ಸಿಕ್ಕಿದ್ದು ಊರ ಹೊರಗಿನ ಹಳ್ಳಿಗಳಲ್ಲಿ. ಸುಮಾರು ಹತ್ತು ವರ್ಷ ಸರಿಯಾಗಿ ನಡೆದುಕೊಂಡ ಕೈದಿಗೆ ಹೊರಗಿದ್ದು ಜಮೀನು ಮಾಡಿಕೊಳ್ಳಲು ಚೀಟಿ ಕೊಡುತ್ತಿದ್ದರು. ಹೆಣ್ಣು ಕೈದಿಯನ್ನು ಮದುವೆಯಾಗಲೂ ಬಿಡುತ್ತಿದ್ದರು. ಅವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ 'ಲೋಕಲ್ ಬಾರ್ನ್' ಅಂತಲೇ ಹೇಳಿಕೊಳ್ಳುತ್ತಾರೆ. ಮುತ್ತಜ್ಜನಿಗೆ ಅಲ್ಲೂ ಒಂದು ಸಂಸಾರ ಇದ್ದಿರಬಹುದು ಅಲ್ವಾ? ಈ ಮಾತಿಗೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ. ಅಲ್ಲಿನ ಹಿರಿಯರ ಹತ್ತಿರ ಅಪರಾಧದ ಮಾತು ಎತ್ತಬೇಡಿ. ನಿಮ್ಮ ಕಥೆ ಮೊದಲು ಹೇಳಿ, ಆಮೇಲೆ ಸುಮ್ನೆ ಕೂತು ಕೇಳಿ.

ಒಬ್ಬ ಅಜ್ಜಿ ನನ್ನ ಮಾತೆಲ್ಲ ಕೇಳಿ, ತಮ್ಮ ಮುತ್ತಜ್ಜಿಯೂ ಬಾಂಬೆ ಕಡೆಯಿಂದ ಬಂದವರು, ಊರು ಮಾತ್ರ ಗೊತ್ತಿಲ್ಲ ಅಂದರು. ಆ ಹೆಸರನ್ನು ಬರೆದುಕೊಂಡು ಬಂದಿದ್ದೇನೆ. ಮತ್ತೆ ಮುಂಬೈಗೆ ಹೋದಾಗ ಮೊದಲು ಹುಡುಕುವುದು ಅವರನ್ನು.