ಮಲ್ಪೆ–ಸೇಂಟ್ ಮೇರೀಸ್ ದ್ವೀಪ: ಹೊರಡುವ ಮುಂಚೆ ಸೆಖೆ ಮತ್ತು ಸೆಳೆತದ ಲೆಕ್ಕ

ಏಪ್ರಿಲ್, ಮೇಯಲ್ಲಿ ದ್ವೀಪ ನೋಡಲು ಹೊರಟವರು ಮೊಬೈಲಿನಲ್ಲಿ 34 ಡಿಗ್ರಿ ಕಂಡು ಇಷ್ಟೇನಾ ಅನ್ನುತ್ತಾರೆ. ರಾಯಚೂರು, ಕಲಬುರಗಿಯವರಂತೂ ನಕ್ಕೇಬಿಡುತ್ತಾರೆ. ಕರಾವಳಿಯ ಸೆಖೆ ಬೇರೆ ಜಾತಿಯದು. ಬೆವರು ಸುರಿದರೆ ಸಾಲದು, ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಸುಮಾರು 580 ಕಿಲೋಕ್ಯಾಲರಿ ಶಾಖ ಹೋಗುತ್ತದೆ. ಗಲ್ಲದಿಂದ ತೊಟ್ಟಿಕ್ಕಿದ್ದು ದಂಡ. 34 ಡಿಗ್ರಿಗೆ ಶೇ. 70 ತೇವ ಸೇರಿದರೆ, ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್, ಅಂದರೆ ನೀರು ಆರಿ ಎಷ್ಟು ತಣಿಯಬಹುದು ಎಂದು ಹೇಳುವ ಮಾಪಕ, 29ರ ಆಸುಪಾಸು ತೋರಿಸುತ್ತದೆ. ಅದು 31 ಮುಟ್ಟಿದರೆ ಗಟ್ಟಿಮುಟ್ಟಾದ ಯುವಕರ ಮೈಯೂ ಸೋಲತೊಡಗುತ್ತದೆ.

ಹಾಗಾಗಿ ಬೆಳಗಿನ ಮೊದಲ ದೋಣಿ ಹಿಡಿದು 11ರೊಳಗೆ ಮರಳಿ. ಸುಮಾರು 8.8 ಕೋಟಿ ವರ್ಷ ಹಳೆಯ ಆ ಲಾವಾ ಕಂಬಗಲ್ಲುಗಳು ಮಧ್ಯಾಹ್ನ ಕಾದ ಕಾವಲಿಯೇ. ಮಳೆಗಾಲದಲ್ಲಿ ದೋಣಿ ಇಲ್ಲ.

ಕುಡಿಯಲು ತಲಾ ಎರಡು ಲೀಟರ್ ನೀರು, ಜೊತೆಗೆ ಓಆರ್‌ಎಸ್. ಪೊಟ್ಟಣ ಒಂದು ಲೀಟರಿನದೋ 200 ಮಿ.ಲೀ.ನದೋ ಓದಿ ಕಲಸಿ. ಬೊಂಡ (ಎಳನೀರು) ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಶಿಯಂ ಹೆಚ್ಚು, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವ ಉಪ್ಪು ಅದರಿಂದ ತುಂಬುವುದಿಲ್ಲ. ಹೊರಡುವ ಮುಂಚೆ ಗಂಜಿ–ಉಪ್ಪಿನಕಾಯಿ ಉಂಡವರೇ ಜಾಣರು.

ಜೊತೆಯವರು ತೂರಾಡಿದರೆ, ಅಸಂಬದ್ಧ ಮಾತಾಡಿದರೆ, ಒಳಮೈ ಶಾಖ 40 ಡಿಗ್ರಿ ದಾಟಿದೆ ಎಂದೇ ತಿಳಿಯಿರಿ. ಚರ್ಮ ಒಣಗಿರಲೇಬೇಕೆಂದಿಲ್ಲ, ಬೆವರುತ್ತಲೂ ಇರಬಹುದು. ನೆರಳಿಗೆ ಎಳೆದು, ಕಡಲ ನೀರನ್ನೇ ಮೈಮೇಲೆ ಸುರಿಯುತ್ತ ಬೈರಾಸಿನಿಂದ (ಟವೆಲಿನಿಂದ) ಜೋರಾಗಿ ಬೀಸಿ. ಇದು ಮೊದಲು, ಆಸ್ಪತ್ರೆ ಆಮೇಲೆ. ಎಚ್ಚರ ತಪ್ಪುತ್ತಿದ್ದರೆ ಬಾಯಿಗೆ ಏನೂ ಹಾಕಬೇಡಿ. ಪ್ಯಾರಾಸಿಟಮಾಲ್ ಕೆಲಸಕ್ಕೆ ಬಾರದು, ಇದು ಜ್ವರವಲ್ಲ.

ವಾಪಸು ಬಂದು ಮಲ್ಪೆ ಬೀಚಿನಲ್ಲಿ ನೀರಿಗಿಳಿಯುವವರೇ ಹೆಚ್ಚು. ಎರಡೂ ಕಡೆ ತೆರೆ ಒಡೆಯುತ್ತಿದ್ದು ನಡುವೆ ಒಂದು ಪಟ್ಟಿ ಮಾತ್ರ ಶಾಂತವಾಗಿ, ಕದಡಿದ ಬಣ್ಣದಲ್ಲಿದ್ದರೆ ಅಲ್ಲೇ ಸೆಳೆತ, ಅಂದರೆ ಕಡಲೊಳಕ್ಕೆ ಎಳೆದೊಯ್ಯುವ ನೀರಿನ ಹರಿವು. ಮಕ್ಕಳನ್ನು ಬಿಡುವುದೂ ಅಲ್ಲಿಗೇ, ಅಲೆಯಿಲ್ಲ ಎಂದು! ಸಿಕ್ಕಿಕೊಂಡರೆ ದಡದತ್ತ ಗುದ್ದಾಡಬೇಡಿ. ದಡಕ್ಕೆ ಸಮಾನಾಂತರವಾಗಿ ಈಜಿ ಪಟ್ಟಿಯಿಂದ ಹೊರಬನ್ನಿ. ಈಜು ಬಾರದವರು ಅಂಗಾತ ತೇಲಿ ಕೈ ಬೀಸಿ.

ಮುಳುಗುವವರು ಕೂಗುವುದು ಅಪರೂಪ. ಬಾಯಿ ನೀರಿನ ಮೇಲೆ ಬಂದ ಅರೆಗಳಿಗೆ ಉಸಿರೆಳೆಯಲೇ ಸಾಲದು, ಕೈಗಳು ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಆಮ್ಲಜನಕವಿಲ್ಲದೆ ಪ್ರಜ್ಞೆ ಹೋಗುತ್ತದೆ, ಆಮೇಲೆ ಹೃದಯ ನಿಧಾನಿಸಿ ನಿಲ್ಲುತ್ತದೆ. ಹಾಗಾಗಿ ಮೇಲೆತ್ತಿದವರಿಗೆ ಬೇಕಾದದ್ದು ಉಸಿರು. ತಲೆಕೆಳಗು ಮಾಡಿ ಹೊಟ್ಟೆ ಒತ್ತುವ ಹಳೇ ಚಾಳಿ ಬಿಡಿ. ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಉಸಿರಾಟ ನಿಂತಿದ್ದರೆ ಮೂಗು ಹಿಡಿದು ಬಾಯಲ್ಲಿ ಎರಡು ಬಾರಿ ಊದಿ, ಎದೆ ಏಳುವುದನ್ನು ಕಣ್ಣಾರೆ ನೋಡಿ. ಮತ್ತೆ ಎದೆಯ ನಡುವೆ 5–6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100–120ರ ವೇಗದಲ್ಲಿ 30 ಸಲ ಒತ್ತಿ, ಎರಡು ಊದಿ, ಇದನ್ನೇ ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಕರೆ ಮಾಡಲಿ.

ಕೆಮ್ಮಿ ಎದ್ದು ಕೂತು "ಏನಿಲ್ಲ, ಸರಿಹೋಯ್ತು" ಅಂದವರನ್ನೂ ಆಸ್ಪತ್ರೆಗೆ ಒಯ್ಯಿರಿ. ಒಳಹೊಕ್ಕ ನೀರು ಶ್ವಾಸಕೋಶವನ್ನು ಕೆರಳಿಸಿದ್ದರೆ ಏದುಸಿರು ಶುರುವಾಗುವುದು ಕೆಲವು ಗಂಟೆ ಕಳೆದ ಮೇಲೆ, ಅಷ್ಟು ಹೊತ್ತಿಗೆ ನಿಮ್ಮ ಗಾಡಿ ಆಗುಂಬೆ ಘಾಟಿಯಲ್ಲಿರುತ್ತದೆ.