ಡೋಂಗಲ್ ಯಾರ ಡ್ರಾಯರಿನಲ್ಲಿದೆ?

ಸಿಂಧನೂರು ಸೀಮೆಯ ಒಂದು ಪಂಚಾಯಿತಿಗೆ ಹೋಗಿದ್ದೆ. ಡೋಂಗಲ್ ಅಂದರೆ ಡಿಜಿಟಲ್ ಸಹಿ ಹಾಕಲು ಕಂಪ್ಯೂಟರಿಗೆ ಸಿಕ್ಕಿಸುವ, ಪೆನ್‌ಡ್ರೈವಿನಂಥ ಸಾಧನ. ಅಧ್ಯಕ್ಷರ ಡೋಂಗಲ್ಲೂ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಡೋಂಗಲ್ಲೂ ಕಂಪ್ಯೂಟರ್ ಆಪರೇಟರ್ ಹುಡುಗನ ಡ್ರಾಯರಿನಲ್ಲೇ ಇದ್ದವು. "ಅಕ್ಕಾರು ಹೊಲದಾಗ ಇರ್ತಾರ್ರಿ ಸರ, ಸಾಹೇಬ್ರು ಮೀಟಿಂಗಿನ್ಯಾಗ. ಬಿಲ್ ನಿಂದ್ರಬಾರದಲ್ರಿ" ಅಂದ. ಹುಡುಗ ಪ್ರಾಮಾಣಿಕ, ಸಂಶಯವಿಲ್ಲ. ಆದರೂ ನನಗೆ ಎದೆ ಧಸಕ್ಕೆಂದಿತು.

ನಾನು ಖಜಾನೆಯಲ್ಲಿ ಕೆಲಸ ಮಾಡಿದವನು. ಬಿಲ್ ತಯಾರಿಸಿ ಸಹಿ ಹಾಕುವುದು ಇಲಾಖೆಯ ಡಿಡಿಒ (ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿ), ಪಾಸ್ ಮಾಡುವುದು ಖಜಾನೆ. ಖಜಾನೆಯೊಳಗೂ ಗುಮಾಸ್ತರು ನೋಡಿದ್ದನ್ನು ಮೇಲಿನವರು ಮತ್ತೆ ನೋಡಬೇಕು. ತಡ ಮಾಡುತ್ತಾರೆಂದು ಜನ ಬೈಯುತ್ತಾರೆ, ಗೊತ್ತು. ಒಮ್ಮೆ ಸಂಬಳದ ಬಿಲ್ಲೊಂದರಲ್ಲಿ ಅದೇ ತುಟ್ಟಿಭತ್ಯೆ ಬಾಕಿ ಎರಡು ಸಲ ಸೇರಿತ್ತು. ಸಿಕ್ಕಿದ್ದು ಆ ಎರಡನೇ ನೋಟದಲ್ಲೇ.

ನರೇಗಾದಲ್ಲೂ, ಅಂದರೆ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯಲ್ಲೂ, ಹಾಜರಿ ಬರೆಯುವವರು ಬೇರೆ, ಅಳತೆ ಪುಸ್ತಕ ಎಂಜಿನಿಯರದು, ಹಣ ಬಿಡಲು ಇಬ್ಬರ ಡಿಜಿಟಲ್ ಸಹಿ. ಅದರ ಮೇಲೆ 2005ರ ಕಾಯ್ದೆಯ 17ನೇ ಕಲಂ ಗ್ರಾಮಸಭೆಗೆ ಸಾಮಾಜಿಕ ಲೆಕ್ಕಪರಿಶೋಧನೆಯ ಹೊಣೆ ಕೊಟ್ಟಿತು. ಎರಡೂ ಡೋಂಗಲ್ ಒಬ್ಬನ ಕೈಯಲ್ಲಿದ್ದರೆ ಕಾಗದದ ಮೇಲೆ ಇಬ್ಬರು, ನಿಜದಲ್ಲಿ ಒಬ್ಬನೇ. ನಾಳೆ ಏನಾದರೂ ಆದರೆ ಸಿಕ್ಕಿಬೀಳುವವನೂ ಆ ಬಡ ಹುಡುಗನೇ!

ಅಧ್ಯಕ್ಷರ ಮನೆಗೇ ಹೋದೆ. "ಅಕ್ಕಾರ, ಡೋಂಗಲ್ ನಿಮ್ಮ ಹತ್ರ ಇಟ್ಕೊರ್ರಿ. ಅಳತೆ ಪುಸ್ತಕ ತೆಗೆಸಿ, ನೋಡಿ, ಆಮೇಲೆ ಸಹಿ ಮಾಡ್ರಿ" ಅಂದೆ. ಪ್ರತಿ ಮಂಗಳವಾರ ಪಂಚಾಯಿತಿಯಲ್ಲಿ ಕೂರುತ್ತೇನೆ ಎಂದಿದ್ದಾರೆ.